ಹಿಂಬದಿ, ಎರಡಕ್ಕೂ ಹೌದು

ಓಪಲ್ ಹೆಟಿಂಗರ್ ಆಂಬುಲೆನ್ಸ್ ಓಡಿಸುತ್ತಿದ್ದಳು. ಕಾರ್ಬಿನ್ ಕಣಿವೆಯಲ್ಲಿ ಇಷ್ಟು ಹೇಳಿದರೆ ಸಾಕಾಗಿತ್ತು. ಅವಳ ಮನೆ ಎಲ್ಲಿ, ಗಂಡ ಯಾರು ಎಂದು ಕೇಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಕಣಿವೆಯ ಅರ್ಧ ಜನ ಒಂದಲ್ಲ ಒಂದು ಸಲ ಅವಳ ಬೆನ್ನ ಹಿಂದೆ ಮಲಗಿ ಕೀಲರ್ ಘಟ್ಟ ದಾಟಿದವರು. ಉಳಿದರ್ಧ ಜನ ತಮ್ಮವರನ್ನು ಹಾಗೆ ಕಳುಹಿಸಿ, ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೆ ಅಂಗಳದಲ್ಲಿ ನಿಂತು ನೋಡಿದವರು. ಓಪಲ್‌ಳ ಮೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಆದರೆ ಸ್ಟೀರಿಂಗ್ ಹಿಡಿದು ಕುಳಿತಾಗ ಮಾತ್ರ ಆ ದನಿ ತಗ್ಗಿಬಿಡುತ್ತಿತ್ತು. ಯಾರ ಹಸು ಅವಳಿ ಕರು ಹಾಕಿತು, ಯಾರ ಹೊಲದಲ್ಲಿ ಹುಲ್ಲು ಎರಡನೆಯ ಕೊಯ್ಲಿಗೆ ಬಂತು ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತಿದ್ದಳು. ಆ ಮಾತು ಕಿವಿಗೆ ಬೀಳುತ್ತಿರುವಷ್ಟು ಹೊತ್ತು ಹಿಂದೆ ಮಲಗಿದವರಿಗೆ ತಾವಿನ್ನೂ ಬದುಕಿದ್ದೇವೆ ಎಂಬ ಧೈರ್ಯ.

ಘಟ್ಟದ ಆಚೆಗೆ ಹಾಲಿಸ್ ಊರು. ಆಸ್ಪತ್ರೆ, ಕೋರ್ಟು, ಕೌಂಟಿಯ ಎಂದರೆ ನಮ್ಮ ಜಿಲ್ಲೆಯ ಕಚೇರಿಗಳು, ಎಲ್ಲವೂ ಅಲ್ಲಿ. ಘಟ್ಟದ ಈಚೆಗೆ ನಮ್ಮ ಕಣಿವೆ: ಹುಲ್ಲುಗಾವಲು, ದನ, ಒಂದು ಶಾಲೆ, ಒಂದು ಅಂಗಡಿ, ತಗಡಿನ ಫೈರ್ ಹಾಲ್; ಫೈರ್ ಹಾಲಿನಲ್ಲಿ ಬೆಂಕಿ ಆರಿಸುವ ಲಾರಿಯ ಪಕ್ಕದಲ್ಲಿ ಬಿಳಿಯ ಆಂಬುಲೆನ್ಸ್. ಅದು ಘಟ್ಟದ ಈಚೆಗೇ ಇರಬೇಕಾಗಿತ್ತು. ಕರೆ ಬಂದ ಮೇಲೆ ಆಚೆಯಿಂದ ಹೊರಟು, ಹಿಮದ ಘಟ್ಟ ಹತ್ತಿ ಇಳಿದು, ರೋಗಿಯನ್ನು ಹಾಕಿಕೊಂಡು ಮತ್ತೆ ಅದೇ ಘಟ್ಟ ಹತ್ತಿ ಇಳಿಯುವಷ್ಟು ಹೊತ್ತು ಯಾರ ಉಸಿರೂ ಕಾಯುವುದಿಲ್ಲ. ಇದನ್ನು ಓಪಲ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಗಂಡ ರಾಯ್ಸ್ ಮರದ ಮಿಲ್ಲಿನಲ್ಲಿ ಜೀವಮಾನವೆಲ್ಲ ಗರಗಸದ ಪುಡಿಯನ್ನು ಉಸಿರಾಡಿದವನು. ಈಗ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, ಆಮ್ಲಜನಕದ ಸಿಲಿಂಡರನ್ನು ನಾಯಿಮರಿಯಂತೆ ಪಕ್ಕದಲ್ಲಿ ಎಳೆದುಕೊಂಡು ಅಡುಗೆಮನೆಯ ಕಿಟಕಿಯ ಬಳಿ ಕೂರುತ್ತಿದ್ದ. ಅವನನ್ನೂ ಅವಳು ಆ ಆಂಬುಲೆನ್ಸಿನಲ್ಲಿಯೇ ಘಟ್ಟ ದಾಟಿಸಿದ್ದಳು, ಒಂದು ಸಲವಲ್ಲ. ಹಾಗೆ ಹೋಗುವಾಗಲೂ ಅವನ ನಾಲಿಗೆ ಸುಮ್ಮನಿರುತ್ತಿರಲಿಲ್ಲ.

"ಏನ್ ಡ್ರೈವರಮ್ಮಾ, ಮೀಟರ್ ಹಾಕಿದೀಯ ತಾನೆ?" ಎಂದು ಮುಖಕವಚದೊಳಗಿನಿಂದಲೇ ಗೊಣಗುತ್ತಿದ್ದ.

"ಬಾಯ್ ಮುಚ್ಕೊಂಡು ಉಸಿರಾಡು, ಮುದುಕಪ್ಪಾ. ಬಾಡಿಗೆ ಆಮೇಲ್ ನೋಡೋಣ" ಎನ್ನುತ್ತಿದ್ದಳು ಓಪಲ್.

ಗಂಡಹೆಂಡಿರು ಎಲ್ಲ ವಿಷಯಕ್ಕೂ ಜಗಳವಾಡುತ್ತಿದ್ದರು, ಒಂದು ವಿಷಯವನ್ನು ಬಿಟ್ಟು. ಅದು ತೆರಿಗೆ. ಮದುವೆಯಾದ ಹೊಸತರಲ್ಲಿ ಅದೇ ವಿಷಯಕ್ಕೆ ತಟ್ಟೆ ಒಡೆಯುವವರೆಗೂ ಜಗಳ ಹೋಗಿತ್ತು. ರಾಯ್ಸನ ಮಟ್ಟಿಗೆ ಸರಕಾರ ಕೇಳುವ ಪ್ರತಿಯೊಂದು ಕಾಸೂ ಹಗಲುದರೋಡೆ. ಓಪಲ್‌ಳ ಮಟ್ಟಿಗೆ ಅವಳ ಆಂಬುಲೆನ್ಸಿನ ಚಕ್ರ ತಿರುಗುವುದೇ ಆ ಕಾಸಿನಿಂದ. ಕೊನೆಗೆ ಅವಳು ಒಂದು ನೇಮ ಮಾಡಿದಳು: ಈ ಅಡುಗೆಮನೆಯೊಳಗೆ ತೆರಿಗೆಯ ಮಾತು ಬರಕೂಡದು. ರಾಯ್ಸ್ ಒಪ್ಪಿಕೊಂಡ, ಒಪ್ಪಿದ್ದನ್ನು ನಡೆಸಿಕೊಂಡೂ ಬಂದ. ಅದರಿಂದಲೇ ಆ ಸಂಸಾರ ಅಷ್ಟು ವರ್ಷ ನೆಮ್ಮದಿಯಿಂದ ನಡೆಯಿತು ಎಂದು ಕಣಿವೆಯ ಜನ ಆಡಿಕೊಳ್ಳುತ್ತಿದ್ದರು.

ಚುನಾವಣೆ ಬಂದಾಗ ನಮ್ಮಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಮನೆಯಲ್ಲಿಯೇ ತುಂಬಿ ಕಳುಹಿಸಬಹುದು. ಆದರೂ ಕಾರ್ಬಿನ್‌ನವರು ಅದನ್ನು ಎತ್ತಿಕೊಂಡು ಒಂದು ಶನಿವಾರ ಸಂಜೆ ಫೈರ್ ಹಾಲಿಗೆ ಬರುತ್ತಿದ್ದರು. ಉದ್ದನೆಯ ಮೇಜಿನ ಮೇಲೆ ಬೀನ್ಸ್ ಹಾಕಿ ಬೇಯಿಸಿದ ಮಾಂಸದ ಸಾರು, ಜೋಳದ ರೊಟ್ಟಿ, ನೇಡಿನ್ ಲಿಂಡ್‌ಕ್ವಿಸ್ಟ್ ಮಾಡಿದ ಸೇಬಿನ ಪೈ. ಉಂಡಾದ ಮೇಲೆ ಕಪ್ಪು ಪೆನ್ನುಗಳನ್ನು ಹಂಚುತ್ತಿದ್ದರು. ಮುಂಬದಿಯಲ್ಲಿ ಅಭ್ಯರ್ಥಿಗಳ ಹೆಸರು. ಅದು ಅವರವರ ಇಷ್ಟ, ಅದರ ಬಗ್ಗೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹಿಂಬದಿಯಲ್ಲಿ ಯಾವಾಗಲೂ ಎರಡು ಪ್ರಶ್ನೆಗಳು. ಗ್ರಂಥಾಲಯದ ತೆರಿಗೆ ಮುಂದುವರಿಯಲೇ? ಆಂಬುಲೆನ್ಸಿನ ತೆರಿಗೆ ಮುಂದುವರಿಯಲೇ? ಆಗ ಓಪಲ್ ಬೆಂಚಿನ ಮೇಲೆ ಹತ್ತಿ ನಿಂತು, ಆ ದೊಡ್ಡ ದನಿಯಲ್ಲಿ ಕೂಗುತ್ತಿದ್ದಳು:

"ಹಿಂಬದಿ, ಎರಡಕ್ಕೂ ಹೌದು!"

ಜನರೂ ನಗುತ್ತ ಕೂಗುತ್ತಿದ್ದರು: "ಹಿಂಬದಿ, ಎರಡಕ್ಕೂ ಹೌದು!" ಶಾಲೆಯ ಮಕ್ಕಳಿಗೆ ಕೂಡ ಅದು ಬಾಯಿಪಾಠವಾಗಿತ್ತು. ಅಂಗಡಿಯಲ್ಲಿ ಯಾರಾದರೂ ಕಾಫಿಗೆ ಹಾಲು ಬೇಕೆ ಸಕ್ಕರೆ ಬೇಕೆ ಎಂದು ಕೇಳಿದರೆ ಇದೇ ಉತ್ತರ ಬರುತ್ತಿತ್ತು.

ಆ ವರ್ಷ ಗ್ರಂಥಾಲಯ ಶಾಲೆಯೊಂದಿಗೆ ಸೇರಿಹೋಗಿತ್ತು. ಹಾಗಾಗಿ ಅದರ ಪ್ರಶ್ನೆ ಮತಪತ್ರದಲ್ಲಿ ಇರಲಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆದರೆ ಆ ಸಂಜೆ ಯಾರ ತಲೆಗೂ ಹೊಳೆಯಲಿಲ್ಲ. ಏಕೆಂದರೆ ಹಿಂಬದಿಯಲ್ಲಿ ಪ್ರಶ್ನೆಗಳು ಎರಡೇ ಇದ್ದವು. ಓಪಲ್ ತನ್ನ ಮತಪತ್ರವನ್ನು ಹಿಂದಿನ ವಾರವೇ ತುಂಬಿದ್ದಳು, ಹಾಲಿಸ್ ಆಸ್ಪತ್ರೆಯ ಬಾಗಿಲಲ್ಲಿ, ಸ್ಟೀರಿಂಗಿನ ಮೇಲೆ ಕಾಗದವಿಟ್ಟುಕೊಂಡು. ಒಳಗೆ ಯಾರದೋ ಮುರಿದ ಸೊಂಟದ ಎಕ್ಸ್‌ರೇ ತೆಗೆಯುತ್ತಿದ್ದರು. ಆಂಬುಲೆನ್ಸ್ ಎಂಬ ಪದವನ್ನು ಹುಡುಕಿ, ಅದರ ಮುಂದಿನ ಸೊನ್ನೆಗೆ ಮಸಿ ತುಂಬಿ, ಮೇಲಿನದಕ್ಕೂ ರೂಢಿಯಂತೆ ತುಂಬಿ ಮಡಿಸಿಬಿಟ್ಟಿದ್ದಳು.

ಫೈರ್ ಹಾಲಿನಲ್ಲಿ ನೇಡಿನ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಹೇಳಿದಳು: "ಏ ಓಪಲ್, ಮೇಲಿನ್ದು ಈ ಸಲ ಉದ್ದಕ್ಕಿದೆ ಕಣೆ. ಮನೆ ತೆರಿಗೆ, ಕುಟುಂಬ, ರಕ್ಷಣೆ ಅಂತೆಲ್ಲ ಬರ್ದಿದಾರೆ."

"ಪ್ರತಿ ಸಲಾನೂ ಉದ್ದಕ್ಕೇ ಬರೀತಾರೆ ನೇಡಿನ್, ವಕೀಲ್ರಿಗೆ ಸಂಬಳ ಕೊಡಬೇಕಲ್ಲ. ಸೊನ್ನೆ ತುಂಬ್ಸು."

"ಅದಕ್ಕೂ ಹೌದಾ?"

"ನಿನ್ನ ಪೈ ಇನ್ನೊಂದ್ ಚೂರು ಬೇಕಾ ಅಂತ ಕೇಳಿದ್ರೆ ಏನಂತೀನಿ ನಾನು?"

"ಹೌದು ಅಂತೀಯ."

"ಹಂಗೇ ಅದೂನೂ" ಎಂದಳು ಓಪಲ್. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನೇಡಿನ್ ಸೊನ್ನೆ ತುಂಬಿದಳು.

ಮತ ಎಣಿಸಿದ ಮರುದಿನ ಬೆಳಿಗ್ಗೆ ಓಪಲ್ ಆಂಬುಲೆನ್ಸಿನ ಗಾಜು ಒರೆಸುತ್ತಿದ್ದಾಗ ಕೌಂಟಿ ಕ್ಲರ್ಕ್ ಐರಿನ್ ವಾಸೆಕ್ ಫೋನ್ ಮಾಡಿದಳು. ಮತಪತ್ರಗಳೆಲ್ಲ ಅವಳ ಕೈಮೇಲೆ ಹೋಗುವಂಥವು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು.

"ಐರಿನ್, ನಮ್ಮ ತೆರಿಗೆ ಪಾಸಾಯ್ತಾ?"

"ಪಾಸಾಯ್ತು. ನಿಮ್ಮ ಕಣಿವೇಲಿ ಬೇಡ ಅಂದೋರೇ ಇಲ್ಲ."

"ಮತ್ಯಾಕೆ ನಿನ್ ದನಿ ಹಂಗಿದೆ?"

"ಓಪಲ್, ರಾಜ್ಯದ ಪ್ರಶ್ನೆಗೆ ನೀವೆಲ್ಲ ಯಾಕೆ ಹೌದು ಅಂದ್ರಿ?"

"ಯಾವ ರಾಜ್ಯದ ಪ್ರಶ್ನೆ?"

"ಹಿಂಬದಿ, ಮೇಲಿನ್ದು."

ಓಪಲ್ ಕೈಯಲ್ಲಿದ್ದ ಬಟ್ಟೆ ಬಾನೆಟ್ಟಿನ ಮೇಲೆ ಹಾಗೆಯೇ ನಿಂತಿತು. ಐರಿನ್ ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದಳು. ಮೇಲಿನದು ಇಡೀ ರಾಜ್ಯಕ್ಕೆ ಕೇಳಿದ ಪ್ರಶ್ನೆ. ಮನೆ ಜಮೀನುಗಳ ಮೇಲಿನ ತೆರಿಗೆಗೆ ಮಿತಿ ಹಾಕಲೇ ಎಂದು. ಮಿತಿ ಬಿದ್ದರೆ ಸ್ಥಳೀಯರು ತಮ್ಮ ಮೇಲೆ ತಾವೇ ಹಾಕಿಕೊಳ್ಳುವ ಸಣ್ಣ ತೆರಿಗೆಗಳೆಲ್ಲ ರದ್ದು. ಆಂಬುಲೆನ್ಸಿನದೂ ಅದರಲ್ಲಿ ಬಂತು. ದೊಡ್ಡ ಊರುಗಳವರು ಹೌದು ಎಂದೇ ಎನ್ನುವವರಿದ್ದರು, ಅದನ್ನು ತಡೆಯುವುದು ನಮ್ಮ ಕೈಯಲ್ಲಿರಲಿಲ್ಲ. ಆದರೆ ಬರೆದವರು ಒಂದು ಕಿಂಡಿ ಬಿಟ್ಟಿದ್ದರು: ಯಾವ ಕೌಂಟಿಯ ಬಹುಮತ ಬೇಡ ಎನ್ನುತ್ತದೆಯೋ ಆ ಕೌಂಟಿಗೆ ಈ ಮಿತಿ ತಾಗುವುದಿಲ್ಲ. ಹಾಲಿಸ್ ಊರು ಬೇಡ ಎಂದಿತ್ತು. ದಕ್ಷಿಣದ ದೊಡ್ಡ ದನದ ಹಟ್ಟಿಗಳವರು ಹೌದು ಎಂದಿದ್ದರು. ತಕ್ಕಡಿ ಸಮನಾಗಿ ನಿಂತಿತ್ತು. ಅದನ್ನು ವಾಲಿಸಿದ್ದು ಕಾರ್ಬಿನ್.

"ನಾವು ಆಂಬುಲೆನ್ಸಿಗೆ ಹೌದು ಅಂದ್ವಲ್ಲ?" ಎಂದಳು ಓಪಲ್. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಅಂದ್ರಿ. ಅದರ ಮೇಲಿನ ಸಾಲಲ್ಲಿ ಅದನ್ನ ಅಳಿಸೋದಕ್ಕೂ ಹೌದು ಅಂದ್ರಿ."

ಓಪಲ್ ಮನೆಗೆ ನಡೆದು ಬಂದಳು. ಮೇಜಿನ ಕೆಳಗೆ, ಹಳೆಯ ಪತ್ರಿಕೆಗಳ ಜೊತೆ, ಚುನಾವಣೆಯ ವಿವರಗಳಿದ್ದ ದಪ್ಪ ಪುಸ್ತಿಕೆ ಬಿದ್ದಿತ್ತು. ಹಾಳೆಯ ಮೂಲೆಗಳು ಮಡಿಚಿದ್ದವು, ಸಾಲುಗಳ ಕೆಳಗೆ ಪೆನ್ಸಿಲಿನ ಗೆರೆಗಳಿದ್ದವು. ಆ ಮನೆಯಲ್ಲಿ ಪೆನ್ಸಿಲ್ ಹಿಡಿದು ಓದುವವನು ಒಬ್ಬನೇ.

"ರಾಯ್ಸ್, ಇದನ್ನ ನೀನ್ ಓದಿದ್ಯಾ?"

"ಕಿಟಕಿ ಹತ್ರ ಕೂತು ಇನ್ನೇನ್ ಮಾಡ್ಲಿ? ಆದಿಯಿಂದ ಅಂತ್ಯದವರೆಗೂ ಓದ್ದೆ."

"ಮೇಲಿನ್ದಕ್ಕೆ ಏನ್ ಹಾಕ್ದೆ?"

"ಬೇಡ ಅಂತ ಹಾಕ್ದೆ" ಎಂದ ರಾಯ್ಸ್. ಹೇಳಿ ನಾಚಿಕೊಂಡವನಂತೆ ಕಿಟಕಿಯ ಕಡೆಗೆ ತಿರುಗಿದ. "ನನ್ನ ಜನ್ಮದಲ್ಲೇ ಮೊದಲ್ನೇ ಸಲ ತೆರಿಗೆ ಇರ್ಲಿ ಅಂತ ಹಾಕಿದ್ದು. ಯಾರಿಗೂ ಹೇಳ್ಬೇಡ, ಆ ನೇಡಿನ್ ಗಂಡ ಹಾರ್ವಿ ಆಡ್ಕೋತಾನೆ."

ಓಪಲ್ ಕುರ್ಚಿಯ ಮೇಲೆ ಕುಸಿದಳು. "ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಗೊತ್ತಿರತ್ತೆ ಅನ್ಕೊಂಡೆ ಕಣೆ. ಆಂಬುಲೆನ್ಸ್ ನಿಂದು." ಉಸಿರು ಕೂಡಿಸಿಕೊಳ್ಳಲು ನಿಂತು ಮತ್ತೆ ಹೇಳಿದ: "ಅಲ್ದೆ ಈ ಅಡುಗೆಮನೇಲಿ ತೆರಿಗೆ ಮಾತು ಎತ್ಕೂಡ್ದು ಅಂದೋಳು ನೀನೇ."

ಅವಳು ಅಳಲಿಲ್ಲ. ಅವನ ಸಿಲಿಂಡರಿನ ಮುಳ್ಳು ನೋಡಿದಳು, ಕೊಳವೆಯ ಸಿಕ್ಕು ಬಿಡಿಸಿದಳು, ಒಲೆಯ ಮೇಲೆ ಕಾಫಿಗೆ ನೀರಿಟ್ಟಳು. ನೀರು ಕುದ್ದು ಆರಿಹೋಗುವವರೆಗೂ ಒಲೆಯ ಮುಂದೆ ನಿಂತೇ ಇದ್ದಳು.

ಸುದ್ದಿ ಆ ದಿನವೇ ಮನೆಮನೆಗೂ ಮುಟ್ಟಿತು. ಯಾರೂ ಅವಳನ್ನು ಬೈಯಲಿಲ್ಲ. ಎದುರಾದವರೆಲ್ಲ ಹವೆಯ ವಿಷಯ ಮಾತಾಡಿ, ಕೈ ಹಿಸುಕಿ ಹೋಗುತ್ತಿದ್ದರು. ಅವಳಿಗೆ ಅದನ್ನು ತಾಳಿಕೊಳ್ಳುವುದೇ ಕಷ್ಟವಾಯಿತು. ಕೊನೆಗೆ ನೇಡಿನ್‌ಳ ಗಂಡ ಹಾರ್ವಿ, ಬಾಯಿಗೆ ಬೀಗವಿಲ್ಲದ ಮನುಷ್ಯ, ಅಂಗಡಿಯಲ್ಲಿ ಎಲ್ಲರೆದುರಿಗೆ ಕೇಳಿಬಿಟ್ಟ: "ಏನ್ ಓಪಲ್, ಕಾಫಿ ಕುಡೀತೀಯಾ? ಹೌದು ಅನ್ನೋಕ್ ಮುಂಚೆ ಲೋಟ ತಿರುಗ್ಸಿ ಹಿಂದೆ ಏನ್ ಬರ್ದಿದೆ ನೋಡ್ಕೋ."

ನೇಡಿನ್ ಗಂಡನ ತೋಳಿಗೆ ಒಂದು ಬಿಟ್ಟಳು. ಆದರೆ ಓಪಲ್ ಆ ವಾರದಲ್ಲಿ ಮೊದಲ ಬಾರಿಗೆ ನಕ್ಕಳು. "ಕೊಡು ಮಾರಾಯ, ಕುಡೀತೀನಿ" ಎಂದಳು.

ಡಿಸೆಂಬರಿನಲ್ಲಿ ಕೌಂಟಿಯ ಕಮಿಷನರುಗಳು ಹಾಲಿಸ್ ಕೋರ್ಟಿನ ಮೇಲಂತಸ್ತಿನಲ್ಲಿ ಸಭೆ ಸೇರಿದರು. ಕಣಿವೆಯವರು ಪಿಕಪ್ಪುಗಳಲ್ಲಿ ಘಟ್ಟ ಹತ್ತಿ ಹೋಗಿ ಹಿಂದಿನ ಬೆಂಚುಗಳ ಮೇಲೆ ಕುಳಿತರು. ಅಧ್ಯಕ್ಷ ಗ್ಲೆನ್ ಆಬರ್ನಥಿ ಕೆಟ್ಟವನಲ್ಲ. ಅವನ ಮುಖ ನೋಡಿದರೆ ಅವನು ನಿದ್ದೆ ಮಾಡಿ ಬಹಳ ದಿನವಾಗಿತ್ತೆಂದು ತಿಳಿಯುತ್ತಿತ್ತು. ಯಾವುದನ್ನು ಕಡಿಯಬೇಕು ಎಂದು ಒಂದೊಂದಾಗಿ ಓದಿದ. ದಾದಿಯರು ಶಾಲೆಗಳಿಗೆ ಬರುವುದು ನಿಂತಿತು. ಘಟ್ಟದ ಹಿಮ ಗುಡಿಸುವ ಲಾರಿಗಳಲ್ಲಿ ಒಂದು ಮಾತ್ರ ಉಳಿಯಿತು, ಅದೂ ಬೆಳಗಿನ ಹೊತ್ತು ಮಾತ್ರ. ಕಾರ್ಬಿನ್‌ನ ಆಂಬುಲೆನ್ಸ್ ಹೊಸ ವರ್ಷದಿಂದ ಹಾಲಿಸ್‌ನಲ್ಲಿ ನಿಲ್ಲತಕ್ಕದ್ದು.

ಓಪಲ್ ಎದ್ದು ನಿಂತಳು. "ಗ್ಲೆನ್ ಅವ್ರೇ, ಸಂಬಳ ಬೇಡ ನಂಗೆ. ಪೆಟ್ರೋಲಿಗೆ ನಾವು ಪೈ ಮಾರಿ ಹೊಂದಿಸ್ತೀವಿ. ಗಾಡಿ ಮಾತ್ರ ನಮ್ಮ ಕಡೆ ಬಿಡಿ."

"ಗಾಡಿ ಬಿಟ್ರೆ ಸಾಲ್ದು ಓಪಲ್ ಅವ್ರೇ. ಅದರ ವಿಮೆ, ಅದಕ್ಕೆ ಜವಾಬ್ದಾರ ಡಾಕ್ಟ್ರು, ಒಳಗೆ ಕೂರೋ ನರ್ಸು. ಅದೆಲ್ಲ ಇಲ್ದೆ ರೋಗೀನ ಹತ್ತಿಸ್ಕೊಂಡ್ರೆ ನಿಮ್ಮನ್ನ ಜೈಲಿಗೆ ಹಾಕ್ಬೇಕಾಗತ್ತೆ."

"ಹಾಕಿ. ಜೈಲು ಇದೆ ತಾನೆ, ಅದನ್ನೂ ಮುಚ್ಚಿಬಿಟ್ರಾ?" ಎಂದು ಹಾರ್ವಿ ಹಿಂದಿನಿಂದ ಕೂಗಿದ. ಯಾರೂ ನಗಲಿಲ್ಲ.

"ಇನ್ನೊಂದ್ಸಲ ಮತ ಹಾಕ್ಸಿ" ಎಂದಳು ಓಪಲ್. "ನಾವು ತಪ್ಪಾಗಿ ಹಾಕಿದ್ದು. ನಾನು ಹೇಳ್ಕೊಟ್ಟಿದ್ದು. ಕಾಗದ ಬೇಕಾದ್ರೆ ಬರ್ದು ಕೊಡ್ತೀನಿ, ತಪ್ಪು ನಂದೂಂತ."

ಗ್ಲೆನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. "ತಪ್ಪಾಗಿ ಹಾಕಿದ್ದೂ ಮತಾನೇ. ಕಾನೂನಿನ ಪ್ರಕಾರ ಮುಂದಿನ ದೊಡ್ಡ ಚುನಾವಣೆವರೆಗೂ ನಾನು ಮುಟ್ಟೋ ಹಾಗಿಲ್ಲ. ಎರಡು ವರ್ಷ."

ಎರಡು ವರ್ಷ ಎಂಬ ಮಾತು ಕೇಳಿದಾಗ ಓಪಲ್‌ಗೆ ಕಂಡದ್ದು ಕಿಟಕಿಯ ಬಳಿಯ ಕುರ್ಚಿ. ಅವಳು ಇನ್ನೂ ಏನನ್ನೋ ಹೇಳಲು ಬಾಯಿ ತೆರೆದಳು. ಕಣಿವೆಯ ಈ ತುದಿಯಿಂದ ಆ ತುದಿಗೆ ಕೇಳುವ ದನಿ ಅಂದು ಹೊರಡಲಿಲ್ಲ. ನೇಡಿನ್ ಅವಳ ಅಂಗಿಯ ತುದಿ ಹಿಡಿದು ಮೆಲ್ಲಗೆ ಕೂರಿಸಿದಳು.

ಹೊಸ ವರ್ಷದ ಮೊದಲ ಕೆಲಸದ ದಿನ ಇಬ್ಬರು ಬಂದು ಗಾಡಿಯನ್ನು ಓಡಿಸಿಕೊಂಡು ಹೋದರು. ಕ್ಲಚ್ಚನ್ನು ಅರ್ಧ ಒತ್ತಿದರೆ ಗೊಣಗುತ್ತದೆ, ಪೂರ್ತಿ ಒತ್ತಿ ಎಂದು ಓಪಲ್ ಹೇಳಿಕೊಟ್ಟಳು. ಆಮೇಲೆ ಖಾಲಿ ಶೆಡ್ಡನ್ನು ಗುಡಿಸಿದಳು.

ಜನವರಿ ಮುಗಿಯುವ ಮೊದಲೇ ರಾಯ್ಸನಿಗೆ ಮತ್ತೆ ಉಸಿರು ಕಟ್ಟಿತು. ಬೆಳಗಿನ ತಿಂಡಿಯ ಹೊತ್ತು. ಚಮಚ ಕೆಳಗೆ ಬಿದ್ದ ಸದ್ದಿಗೆ ತಿರುಗಿ ನೋಡಿದರೆ ತುಟಿ ನೀಲಿಯಾಗಿತ್ತು. ಓಪಲ್ ತುರ್ತು ನಂಬರಿಗೆ ಫೋನ್ ಮಾಡಿದಳು. ಹಾಲಿಸ್‌ನಿಂದ ಉತ್ತರ ಬಂತು: ಗಾಡಿ ದಕ್ಷಿಣದ ಹಟ್ಟಿಗೆ ಹೋಗಿದೆ, ಬಂದ ಕೂಡಲೇ ಕಳುಹಿಸುತ್ತೇವೆ. ಅವಳು ಮಾತು ಮುಗಿಯುವವರೆಗೆ ಕಾಯಲಿಲ್ಲ. ಗಂಡನನ್ನು ಎರಡು ತೋಳುಗಳಲ್ಲಿ ಎತ್ತಿಕೊಂಡು ಹೋಗಿ ಪಿಕಪ್ಪಿನಲ್ಲಿ ಕೂರಿಸಿದಳು. ಅವನು ಅಷ್ಟು ಹಗುರವಾಗಿದ್ದಾನೆಂದು ಅವಳಿಗೆ ಅದುವರೆಗೆ ತಿಳಿದಿರಲಿಲ್ಲ. ಪಕ್ಕದ ಮನೆಯಿಂದ ನೇಡಿನ್ ಚಪ್ಪಲಿಯಲ್ಲಿಯೇ ಓಡಿ ಬಂದು ಪಕ್ಕದಲ್ಲಿ ಹತ್ತಿ ಮುಖಕವಚ ಹಿಡಿದುಕೊಂಡಳು. ಹಿಮದ ಲಾರಿ ಇನ್ನೂ ಬಂದಿರಲಿಲ್ಲ; ಹಾರ್ವಿ ಹುಲ್ಲಿನ ಟ್ರ್ಯಾಕ್ಟರಿಗೆ ಮುಂದೆ ಹಲಗೆ ಕಟ್ಟಿಕೊಂಡು ಘಟ್ಟದ ಹಿಮವನ್ನು ತಳ್ಳುತ್ತ ಮುಂದೆ ಹೊರಟ. ಅದರ ಹಿಂದೆ ಪಿಕಪ್ಪು, ನಡಿಗೆಯ ವೇಗದಲ್ಲಿ.

ಓಪಲ್ ಮಾತಾಡಲು ನೋಡಿದಳು. ಯಾರ ಹಸು, ಯಾರ ಹುಲ್ಲು, ಒಂದೂ ನೆನಪಿಗೆ ಬರಲಿಲ್ಲ.

"ಮಾತಾಡೇ" ಎಂದ ರಾಯ್ಸ್, ಬಹಳ ಕಷ್ಟದಿಂದ. "ನೀನ್ ಸುಮ್ನಿದ್ರೆ... ಸತ್ತೇ ಹೋದ್ನೇನೋ ಅನ್ಸತ್ತೆ."

ಅವಳು ಮಾತಾಡಿದಳು. ಏನು ಮಾತಾಡಿದಳೆಂದು ಆಮೇಲೆ ಅವಳಿಗೂ ನೆನಪಿರಲಿಲ್ಲ, ನೇಡಿನ್‌ಗೂ ನೆನಪಿರಲಿಲ್ಲ.

ರಾಯ್ಸ್ ಉಳಿದ. ಆದರೆ ಡಾಕ್ಟರು ಅವಳನ್ನು ಹೊರಗೆ ಕರೆದು ನೇರವಾಗಿ ಹೇಳಿದರು: ಇವರನ್ನು ಕಣಿವೆಗೆ ವಾಪಸು ಕರೆದುಕೊಂಡು ಹೋದರೆ ಮುಂದಿನ ಸಲ ಇಲ್ಲಿಗೆ ತಲುಪುವುದಿಲ್ಲ. ಹೀಗೆ ಹೆಟಿಂಗರ್ ದಂಪತಿಗಳು ಹಾಲಿಸ್‌ನಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಒಂದು ಟ್ರೇಲರ್ ಮನೆ, ಗಾಲಿಗಳ ಮೇಲೆ ನಿಂತ ತಗಡಿನ ಗೂಡು, ಹಿಡಿದರು. ಅದರ ಕಿಟಕಿಗೆ ಕಾರು ನಿಲ್ಲಿಸುವ ಬಯಲೊಂದೇ ಕಾಣುತ್ತಿತ್ತು. "ಇಲ್ಲಿ ದನಕ್ಕಿಂತ ಕಾರೇ ಜಾಸ್ತಿ. ಒಂದೂ ಕರು ಹಾಕಲ್ಲ" ಎಂದು ರಾಯ್ಸ್ ಗೊಣಗುತ್ತಿದ್ದ.

ಹಾಲಿಸ್‌ನ ಆಂಬುಲೆನ್ಸಿಗೆ ಚಾಲಕರು ಸಾಲದಾಗಿದ್ದರು. ಓಪಲ್ ಕೆಲಸಕ್ಕೆ ಸೇರಿದಳು. ಅವಳಿಗೆ ಸಿಕ್ಕಿದ್ದು ಅದೇ ಬಿಳಿಯ ಗಾಡಿ. ಈಗ ಅದು ಅವಳ ಗಂಡನ ಮಂಚದಿಂದ ಎರಡು ಬೀದಿ ಆಚೆಗೆ ನಿಂತಿರುತ್ತಿತ್ತು. ಇಡೀ ಕಣಿವೆ ಕಳೆದುಕೊಂಡದ್ದು ತನಗೊಬ್ಬಳಿಗೆ ದಕ್ಕಿತಲ್ಲ ಎಂಬ ಯೋಚನೆ ಅವಳಿಗೆ ಊಟದ ಮುಂದೆ ಕುಳಿತಾಗಲೆಲ್ಲ ಬರುತ್ತಿತ್ತು. ನೇಡಿನ್ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ನಿನ್ನ ಮನೆ ನಲ್ಲಿ ಹೆಪ್ಪುಗಟ್ಟಿಲ್ಲ, ನೋಡ್ಕೋತಿದೀನಿ. ರಾಯ್ಸ್ ಹೆಂಗಿದಾನೆ?" ಎಂದು ಕೇಳುತ್ತಿದ್ದಳು. ಚುನಾವಣೆಯ ಸುದ್ದಿಯನ್ನು ಅವಳು ಒಮ್ಮೆಯೂ ಎತ್ತಲಿಲ್ಲ.

ಮಾರ್ಚಿನಲ್ಲಿ, ಇನ್ನೇನು ಚಳಿಗಾಲ ಮುಗಿಯಿತು ಎಂದು ಜನ ಹೇಳತೊಡಗಿದ ಮೇಲೆ, ಒಂದು ದಿನ ಮಧ್ಯಾಹ್ನ ಬಿರುಸಾಗಿ ಹಿಮ ಬಿತ್ತು. ಊಟದ ಬಟ್ಟಲು ಮುಚ್ಚುತ್ತಿದ್ದಾಗ ಕರೆ ಬಂತು. ಕಾರ್ಬಿನ್. ಲಿಂಡ್‌ಕ್ವಿಸ್ಟ್ ಮನೆ. ಹೆಂಗಸು, ಎದೆನೋವು. ತುರ್ತು ಕಚೇರಿಯವರು ಹಾರ್ವಿಯ ಫೋನನ್ನು ನೇರವಾಗಿ ಅವಳಿಗೆ ಜೋಡಿಸಿದರು.

"ಓಪಲ್? ನೀನೇನಾ?" ಹಾರ್ವಿಯ ದನಿಯಲ್ಲಿ ಎಂದಿನ ಕುಚೋದ್ಯವಿರಲಿಲ್ಲ. "ದೇವ್ರು ದೊಡ್ಡೋನು. ನೀನಾದ್ರೆ ಸರಿ. ಬೇರೆ ಯಾರಾದ್ರೂ ಆಗಿದ್ರೆ ದಾರಿ ತಪ್ಪೋರು."

"ನೇಡಿನ್‌ನ ಕೂರ್ಸು, ಮಲಗಿಸ್ಬೇಡ. ಆಸ್ಪಿರಿನ್ ಇದ್ರೆ ಅಗಿಯೋಕ್ ಕೊಡು. ಹೊರಟೆ" ಎಂದಳು ಓಪಲ್.

ಪಕ್ಕದಲ್ಲಿ ಕುಳಿತ ನರ್ಸ್ ಕರ್ಟಿಸ್ ಹಾಲಿಸ್‌ನವನು. ಘಟ್ಟದ ಬುಡದಲ್ಲಿ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಗೇಟು ಇಳಿಸಿದ್ದನ್ನು ಕಂಡು ಅವನು ಉಸಿರು ಬಿಟ್ಟ. "ಹಿಮದ ಲಾರಿ ಬೆಳಿಗ್ಗೆನೇ ಹೋಗಿ ಬಂದಿದೆ. ಇನ್ನು ನಾಳೇನೇ."

"ಕರೀರಿ ಅವ್ರನ್ನ."

ಕರ್ಟಿಸ್ ರೇಡಿಯೋದಲ್ಲಿ ಕೇಳಿದ. ಲಾರಿ ಉಂಟು, ಮಧ್ಯಾಹ್ನದ ಚಾಲಕನನ್ನು ಕೆಲಸದಿಂದ ತೆಗೆದಿದ್ದಾರೆ, ಬೆಳಗಿನವನನ್ನು ಮನೆಯಿಂದ ಹುಡುಕಿ ಕರೆಸುತ್ತೇವೆ ಎಂಬ ಉತ್ತರ ಬಂತು. ಹೆಲಿಕಾಪ್ಟರ್ ಈ ಹವೆಯಲ್ಲಿ ಏಳುವುದಿಲ್ಲ.

ಓಪಲ್ ಇಳಿದು ಗೇಟನ್ನು ಎತ್ತಿದಳು. ಚಕ್ರಗಳಿಗೆ ಸರಪಳಿ ಬಿಗಿದಳು. ಕರ್ಟಿಸ್ ಬೇಡ ಎನ್ನಲಿಲ್ಲ. ತಾನೂ ಇಳಿದು ಇನ್ನೊಂದು ಚಕ್ರಕ್ಕೆ ಬಿಗಿದ. ಮೊದಲ ತಿರುವು ದಾಟಿತು. ಎರಡನೆಯದನ್ನೂ ದಾಟಿತು. ಮೂರನೆಯದರಲ್ಲಿ ಗಾಳಿ ಗುಡ್ಡೆ ಹಾಕಿದ್ದ ಹಿಮ ಬಾನೆಟ್ಟಿನ ಎತ್ತರಕ್ಕೆ ಬಂದು ಗಾಡಿ ಮೂಗು ಹೂತು ನಿಂತಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ಫೋನ್ ಮತ್ತೆ ಮಿಣುಕಿತು.

"ಓಪಲ್, ಎಲ್ಲಿದೀಯ? ಟ್ರ್ಯಾಕ್ಟರ್ ತರೋಣ ಅಂದ್ರೆ ಇವ್ಳನ್ನ ಬಿಟ್ಟು ಹೆಂಗೆ ಬರ್ಲಿ? ಬಣ್ಣ ಕೆಟ್ಟಿದೆ ಕಣೆ ಇವ್ಳದು."

"ಘಟ್ಟದಲ್ಲಿದೀನಿ ಹಾರ್ವಿ."

"ಎಷ್ಟ್ ಹೊತ್ತು?"

ಕರೆ ಮಾಡಿದವರಿಗೆ ಸುಳ್ಳು ಹೊತ್ತು ಹೇಳಬಾರದು ಎಂಬುದು ಅವಳು ಕಲಿತ ಮೊದಲ ಪಾಠ. ಹೊಸಬರಿಗೆ ಅವಳು ಕಲಿಸುತ್ತಿದ್ದುದೂ ಅದನ್ನೇ. ಅವಳು ಎದುರಿನ ಬಿಳಿಯ ಗೋಡೆಯನ್ನು ನೋಡಿದಳು.

"ಫೋನ್ ಇಡ್ಬೇಡ. ಅವಳ ಕಿವಿ ಹತ್ರ ಹಿಡಿ" ಎಂದಳು.

ಫೋನನ್ನು ಕೋಟಿನ ಜೇಬಿಗೆ ಸೇರಿಸಿ, ಹಿಂದಿನಿಂದ ಸಲಿಕೆ ಎಳೆದುಕೊಂಡು ಹಿಮಕ್ಕೆ ಇಳಿದಳು. ಕರ್ಟಿಸ್ ಕೈಗೆ ಸಿಕ್ಕ ತಟ್ಟೆಯಂಥದೇನನ್ನೋ ಹಿಡಿದು ಇನ್ನೊಂದು ಬದಿಯಲ್ಲಿ ತೋಡತೊಡಗಿದ. ಓಪಲ್ ತೋಡುತ್ತ, ಏದುಸಿರು ಬಿಡುತ್ತ, ದನಿ ತಗ್ಗಿಸಿ ಮಾತಾಡತೊಡಗಿದಳು: ಹಾಲಿಸ್‌ನ ಬೇಕರಿಯ ಪೈ ಬಾಯಿಗಿಡುವಂತಿಲ್ಲ ಕಣೆ ನೇಡಿನ್, ಸೇಬನ್ನ ಬೇಯಿಸೋದೇ ಇಲ್ಲ ಇವ್ರು, ರಾಯ್ಸ್ ಒಂದು ತುತ್ತು ತಿಂದು ತಟ್ಟೆ ದೂರ ತಳ್ದ. ಜೇಬಿನೊಳಗಿನಿಂದ ಹಾರ್ವಿಯ ದನಿ ಸಣ್ಣಗೆ ಕೇಳುತ್ತಿತ್ತು.

"ಕೇಳ್ತಾ ನೇಡಿನ್? ಓಪಲ್ ಘಟ್ಟದ ಮೇಲಿದಾಳಂತೆ. ಇನ್ನೇನ್ ಬಂದ್ಬಿಟ್ಳು."

ಅವಳು ತೋಡಿ ಎಸೆದಷ್ಟೂ ಮೇಲಿನಿಂದ ಹಿಮ ಜಾರಿ ಬಂದು ಅಲ್ಲಿಯೇ ತುಂಬುತ್ತಿತ್ತು. ಅವಳು ತೋಡುತ್ತಲೇ ಇದ್ದಳು, ಮಾತನ್ನೂ ನಿಲ್ಲಿಸಲಿಲ್ಲ.